ಹುದುಗು

ಹಲ್ಲಿಗೆಂದು ಕೊಟ್ಟ ಗುಳಿಗೆ
ಹಲ್ಲನ್ನು ಸುಮ್ಮನಾಗಿಸಿತು ಮೂರೇ ದಿನಕ್ಕೆ.
ನಾಲ್ಕನೆಯ ದಿನ, ಬೈತಖೋಲ ದಾಟಿ ಬಿಣಗಾ ಏರುವಾಗ
ಬೇರೆಲ್ಲೋ ಎದ್ದು ಕೂತಿತು ಇನ್ನೊಂದು.

ಎಲ್ಲಿ ಎಂದು ಕೇಳಬೇಡಿ.
ಟಿಕೆಟ್ ಹರಿಯುವವಳಿಗೆ ಊರ ಹೆಸರೆಲ್ಲ ಬಾಯಿಪಾಠ,
ಅರ್ಗಾ, ಅಮದಳ್ಳಿ, ಅವರ್ಸಾ,
ಈ ಒಂದು ಸ್ಟಾಪಿಗೆ ಮಾತ್ರ
ಆಯಿ ಹೆಸರು ಕಲಿಸಲಿಲ್ಲ.
'ಅಲ್ಲಿ' ಅನ್ನುತ್ತಿದ್ದಳು, ಅಷ್ಟೇ.
ಅಲ್ಲಿ ತೊಳಕೋ. ಅಲ್ಲಿ ಕೈ ಹಾಕಬೇಡ.

ಮೇ ತಿಂಗಳು, ಖಾಕಿ ಚೂಡಿದಾರ, ಪಾಲಿಯೆಸ್ಟರು.
ಅರವತ್ತು ಜನ, ನೂರಿಪ್ಪತ್ತು ಕಣ್ಣು
(ಹಿಂದಿನ ಸೀಟಿನ ಅಜ್ಜನಿಗೆ ಒಂದೇ,
ನೂರಾ ಹತ್ತೊಂಬತ್ತು ಅನ್ನಿ).
ಮೀನಬುಟ್ಟಿಯ ಅಂಚಿಗೆ ತೊಡೆ ಒತ್ತಿ ನಿಲ್ಲುತ್ತೇನೆ,
ಚಿಲ್ಲರೆ ಹುಡುಕುವ ನೆಪದಲ್ಲಿ ಚರ್ಮದ ಚೀಲ
ಎಳೆದುಕೊಳ್ಳುತ್ತೇನೆ ಮುಂದಕ್ಕೆ, ಚೂರು ಕೆಳಕ್ಕೆ.
ಡ್ರೈವರ್ ಬ್ರೇಕ್ ಒತ್ತಿದರೆ ದೇವರು ಒಳ್ಳೆಯವನು.
ಹೊಂಡ ಬಂದರೆ
ಇನ್ನೂ ಒಳ್ಳೆಯವನು.

ರಾತ್ರಿ ಎದ್ದು ತಣ್ಣೀರು ಸುರಿದುಕೊಂಡೆ.
ಡೆಟಾಲು ಹಾಕಿದೆ ಒಮ್ಮೆ. ಹಾಕಬಾರದಿತ್ತು.
ಬಚ್ಚಲ ಗೋಡೆಗೆ ಹಣೆ ಒತ್ತಿ ನಿಂತಾಗ
ಬಂದರಿನ ಕಡೆಯಿಂದ ಟ್ರಾಲರುಗಳು ಕೆಮ್ಮುತ್ತ ಹೊರಟವು,
ಅಂದರೆ ಮೂರು ಗಂಟೆ.
ಗುಳಿಗೆ ಬಿಟ್ಟೇಬಿಡಲೇ? ಎಂಟು ಉಳಿದಿವೆ ಹಾಳೆಯಲ್ಲಿ,
ಬಿಡುಗಡೆಯ ದಿನ ಎಣಿಸುವ ಕೈದಿ ನಾನೋ ಅವೋ.

ಔಷಧಿ ಅಂಗಡಿಯವ ಕೇಳಿದ: ಎಲ್ಲಿಗೆ?
(ನನ್ನದೇ ಪ್ರಶ್ನೆ, ದಿನಕ್ಕೆ ಆರುನೂರು ಸಲ.)
ಕಾಲ್ಬೆರಳ ಸಂದಿಗೆ, ಅಂದೆ.
ಪೌಡರು ಕೊಟ್ಟ, ಪಾಪ,
ದಿನಾ ಸಾಕ್ಸ್ ಬದಲಿಸಿ ಅಂದ.

ವಾರದ ರಜೆಯಂದು ದೊಡ್ಡಾಸ್ಪತ್ರೆ.
ಡಾಕ್ಟರು ಹೆಂಗಸೇ, ಆದರೆ ಬೆನ್ನಿಗೆ
ಕಲಿಯುವ ಹುಡುಗರು ಮೂವರು, ಮೀಸೆ ಚಿಗುರಿದವರು.
ಪರ್ಸಿನಲ್ಲಿ ತಪ್ಪಿ ಹರಿದ ಟಿಕೆಟ್ಟೊಂದಿತ್ತು.
ಅದರ ಬೆನ್ನಿಗೆ ಬರೆದೆ:
ತುರಿಕೆ. ಒಳಗೆ. ಒಡೆದ ಹಾಲಿನ ಹಾಗೆ ಬಿಳಿ.
ಹಲ್ಲಿನ ಗುಳಿಗೆ ಶುರುವಾದ ಮೇಲೆ.
ಮೇಜಿನ ಮೇಲೆ ಸರಿಸಿದೆ.

ಓದಿದಳು. ಹುಡುಗರನ್ನು ಚಹಾಕ್ಕೆ ಅಟ್ಟಿದಳು.
ಪರದೆ ಎಳೆದು, ನೋಡಿ, ಕೈ ತೊಳೆಯುತ್ತ ಹೇಳಿದಳು:
ಕೊಳಕಿನಿಂದ ಬಂದದ್ದಲ್ಲ, ತಪ್ಪಿನಿಂದಲೂ ಅಲ್ಲ.
ಕಳ್ಳನ ಜೊತೆ ಕಾವಲುಗಾರನನ್ನೂ ಹೊಡೆದು ಹಾಕಿದೆ ಆ ಗುಳಿಗೆ,
ತೆರವಾದ ಮನೆಯಲ್ಲಿ ಈಸ್ಟು ಹುದುಗು ಬಂದಿದೆ.

ಹುದುಗು.
ಅಡಗಿ ಕೂರುವುದಕ್ಕೂ ನಮ್ಮಲ್ಲಿ ಅದೇ ಮಾತು,
ಹಿಟ್ಟು ಉಬ್ಬುವುದಕ್ಕೂ ಅದೇ.
ಪಕ್ಕದ ಮನೆಯ ಅಪೊಲಿನ್ ಬಾಯಿ ಸೇಂದಿ ಹಾಕಿ
ಸಾನ್ನದ ಹಿಟ್ಟಿಗೆ ತಟ್ಟೆ ಮುಚ್ಚಿ ಮಲಗುತ್ತಾಳೆ,
ಬೆಳಿಗ್ಗೆ ತಟ್ಟೆಯನ್ನೇ ತಲೆಯ ಮೇಲೆ ಹೊತ್ತು
ಹೊರಗೆ ಇಣುಕುತ್ತದೆ ಹಿಟ್ಟು.

ಹಲ್ಲಿನ ಗುಳಿಗೆ ನಡುವೆ ಬಿಡಬೇಡ, ಮುಗಿಸು.
ಇದು ರಾತ್ರಿ, ಒಳಗೆ. ಇದು ಹೊರಗೆ ಹಚ್ಚಲು.
ಹತ್ತಿ ಬಟ್ಟೆ. ಸೋಪು ಬೇಡ.
ಡೆಟಾಲು? ಯಾರು ಹೇಳಿದ್ದು ನಿನಗೆ?

ಆ ಸಂಜೆ ಹೊಸ್ತಿಲಲ್ಲಿ ಇವರು, ಇಂಜಿನ್ ಎಣ್ಣೆಯ ಅಂಗಿ,
ಕೈಯಲ್ಲಿ ಅರ್ಧ ಹೋಳು:
'ಶೇವಂತಿ, ಕೆರೆದು ಕೊಡಲೇನೆ?'
ಏನನ್ನ?
'ಕಾಯಿಯನ್ನ. ಮತ್ತೇನನ್ನ?'

ಆರು ದಿನಗಳಲ್ಲಿ ಮೊದಲ ಸಲ ನಕ್ಕೆ,
ನಕ್ಕು ನಕ್ಕು ಕೆಮ್ಮಿ, ಮೆಟ್ಟಿಲ ಮೇಲೆ ಕುಸಿದು
ಹೇಳಿಬಿಟ್ಟೆ ಎಲ್ಲ, ಎಲ್ಲಿ ಎನ್ನುವುದನ್ನೂ.
ಇವರು ಏನೂ ಅನ್ನಲಿಲ್ಲ. ಕಿವಿ ಮಾತ್ರ ಕೆಂಪಾಯಿತು.
ಒಂದು ಹೋಳು ಸಾಕಿದ್ದ ಸಾರಿಗೆ
ಮೂರು ಕಾಯಿ ಕೆರೆದಿಟ್ಟರು.

ತುರಿಕೆ ಇಳಿಯಲು ಇನ್ನೂ ನಾಲ್ಕು ದಿನ ಹಿಡಿಯಿತು.
ಟಿಕೆಟ್ಟು ಡಾಕ್ಟರ ಮೇಜಿನ ಮೇಲೇ ಉಳಿದಿತ್ತು,
ಡಿಪೋದಲ್ಲಿ ಲೆಕ್ಕ ತಾಳೆಯಾಗಲಿಲ್ಲ.
ಹದಿನೆಂಟು ರೂಪಾಯಿ ಕೈಯಿಂದ ಕಟ್ಟಿದೆ.